ದಿನವಿಡೀ ನಿಲ್ಲುವ ಕಾಲಿಗೆ ಎಂಥ ಶೂ?

ನರ್ಸುಗಳು, ಬಸ್ ಕಂಡಕ್ಟರುಗಳು, ಸಂಚಾರ ಪೊಲೀಸರು, ಜವಳಿ ಅಂಗಡಿಯ ಮಾರಾಟಗಾರರು, ಹೋಟೆಲಿನ ಅಡುಗೆಯವರು, ಕಾರ್ಖಾನೆಯ ಕಾರ್ಮಿಕರು ದಿನಕ್ಕೆ ಎಂಟು ಹತ್ತು ಗಂಟೆ ಕಾಲ ಮೇಲೆಯೇ ಇರುತ್ತಾರೆ. ಇವರ ಪಾಲಿಗೆ ಶೂ ಒಂದು ದುಡಿಮೆಯ ಸಲಕರಣೆ. ಅದು ಹಿತವಾಗಿದೆಯೇ, ಬಾಳಿಕೆ ಬರುತ್ತದೆಯೇ ಎಂಬುದು ಮುಖ್ಯವಾಗಿ ಮೂರು ಸಂಗತಿಗಳನ್ನು ಅವಲಂಬಿಸಿದೆ: ಪಾದದ ಆಕಾರಕ್ಕೆ ಶೂ ಹೊಂದುವ ಬಗೆ, ಅಟ್ಟೆಗೆ ಬಳಸಿದ ವಸ್ತು, ಮೇಲ್ಭಾಗವನ್ನೂ ಅಟ್ಟೆಯನ್ನೂ ಜೋಡಿಸಿದ ವಿಧಾನ. ಅಂಗಡಿಯಲ್ಲಿ ಹೆಬ್ಬೆರಳಿನಿಂದ ಒತ್ತಿ ನೋಡಿದಾಗ ಸಿಗುವ ಮೆತ್ತನೆಯ ಅನುಭವದಿಂದ ಈ ಮೂರರಲ್ಲಿ ಒಂದೂ ತಿಳಿಯುವುದಿಲ್ಲ.

ನಿಂತಾಗ ಪಾದದಲ್ಲಿ ನಡೆಯುವುದೇನು?

ಒಂದೊಂದು ಪಾದದಲ್ಲಿ 26 ಮೂಳೆಗಳೂ 33 ಕೀಲುಗಳೂ ಇವೆ. ಈ ಮೂಳೆಗಳು ಸೇರಿ ಕಮಾನುಗಳಾಗಿವೆ. ಅವುಗಳಲ್ಲಿ ಎದ್ದು ಕಾಣುವುದು ಪಾದದ ಒಳಬದಿಯ ಉದ್ದನೆಯ ಕಮಾನು. ಹಿಮ್ಮಡಿಯ ಮೂಳೆಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನ ಅಡಿಯಲ್ಲಿ ಹಾಸಿರುವ ಗಟ್ಟಿ ನಾರಿನ ಪಟ್ಟಿಯೊಂದು ಈ ಕಮಾನು ಕುಸಿಯದಂತೆ ಬಿಗಿಹಿಡಿಯುತ್ತದೆ. ದೀರ್ಘಕಾಲ ಭಾರ ಹೊತ್ತು ಈ ಪಟ್ಟಿ ಜಗ್ಗಿದಾಗ, ಅದು ಹಿಮ್ಮಡಿಗೆ ಅಂಟಿರುವ ಕಡೆ ನೋವು ಹುಟ್ಟುತ್ತದೆ. ಬೆಳಿಗ್ಗೆ ಹಾಸಿಗೆಯಿಂದೆದ್ದು ಇಡುವ ಮೊದಲ ಹೆಜ್ಜೆಗಳಲ್ಲೇ ಹಿಮ್ಮಡಿ ಚುಚ್ಚಿದಂತಾಗುವುದು ಈ ತೊಂದರೆಯ ಗುರುತು.

ಹಿಮ್ಮಡಿಯ ಅಡಿಯಲ್ಲಿ ದೇಹವೇ ಒದಗಿಸಿದ ಮೆತ್ತೆ ಇದೆ. ಜೇನುಗೂಡಿನಂತೆ ಪುಟ್ಟ ಪುಟ್ಟ ಕೋಣೆಗಳಾಗಿ ವಿಭಜನೆಗೊಂಡ ಕೊಬ್ಬಿನ ಪದರವದು. ಕೋಣೆಗಳ ಗೋಡೆಗಳು ಕೊಬ್ಬನ್ನು ಅತ್ತಿತ್ತ ಹರಿಯಗೊಡದೆ ಹಿಡಿದಿಟ್ಟುಕೊಳ್ಳುವುದರಿಂದ ಪೆಟ್ಟು ಬಿದ್ದಾಗ ಅದು ಕುಗ್ಗಿ ಮತ್ತೆ ಹಿಗ್ಗುತ್ತದೆ. ವಯಸ್ಸಾದಂತೆ ಈ ಮೆತ್ತೆಯ ಪುಟಿತ ಕಡಿಮೆಯಾಗುತ್ತದೆ. 60 ಕಿಲೋ ತೂಕದ ವ್ಯಕ್ತಿ ನಡೆಯುವಾಗ ಪ್ರತಿ ಹೆಜ್ಜೆಗೂ ದೇಹದ ತೂಕಕ್ಕಿಂತ ತುಸು ಹೆಚ್ಚು, ಅಂದರೆ ಸುಮಾರು 650ರಿಂದ 700 ನ್ಯೂಟನ್ ಬಲ ಒಂದೇ ಪಾದದ ಮೇಲೆ ಬೀಳುತ್ತದೆ. ಗ್ರಾನೈಟ್, ಟೈಲ್ಸ್, ಸಿಮೆಂಟಿನ ನೆಲ ಸ್ವಲ್ಪವೂ ತಗ್ಗುವುದಿಲ್ಲ. ಹಾಗಾಗಿ ಆ ಪೆಟ್ಟನ್ನು ಹಿಮ್ಮಡಿಯ ಕೊಬ್ಬು ಮತ್ತು ಶೂವಿನ ಅಟ್ಟೆ ಹಂಚಿಕೊಳ್ಳಬೇಕಾಗುತ್ತದೆ.

ನಡೆಯುವುದಕ್ಕಿಂತ ಕದಲದೆ ನಿಲ್ಲುವುದು ಕಷ್ಟ. ಕಾಲಿನ ರಕ್ತ ಹೃದಯದ ಕಡೆಗೆ ಮೇಲೇರಲು ಮೀನಖಂಡದ ಸ್ನಾಯುಗಳು ಪಂಪಿನ ಕೆಲಸ ಮಾಡುತ್ತವೆ. ಪ್ರತಿ ಹೆಜ್ಜೆಗೂ ಅವು ಸಂಕುಚಿಸಿ ಅಭಿಧಮನಿಗಳನ್ನು ಹಿಂಡುತ್ತವೆ. ಕದಲದೆ ನಿಂತವರ ಕಣಕಾಲಿನ ಅಭಿಧಮನಿಯಲ್ಲಿ ಸುಮಾರು 90 ಮಿಲಿಮೀಟರ್ ಪಾದರಸದಷ್ಟಿರುವ ಒತ್ತಡ, ನಡೆಯತೊಡಗಿದರೆ 30ರ ಆಸುಪಾಸಿಗೆ ಇಳಿಯುತ್ತದೆ. ನಿಂತೇ ಇದ್ದಾಗ ಈ ಒತ್ತಡದಿಂದಾಗಿ ರಕ್ತದ ದ್ರವಾಂಶ ಅಂಗಾಂಶಗಳಿಗೆ ಜಿನುಗುತ್ತದೆ. ಬೆಳಿಗ್ಗೆ ಸರಿಯಾಗಿದ್ದ ಶೂ ಸಂಜೆಗೆ ಬಿಗಿಯಾಗುವುದು ಇದೇ ಕಾರಣಕ್ಕೆ.

ಉದ್ದ ಸರಿಯಿದ್ದರೆ ಸಾಲದು

ಭಾರತದಲ್ಲಿ ಈವರೆಗೆ ಹೆಚ್ಚಾಗಿ ಬಳಕೆಯಾಗಿರುವುದು ಬ್ರಿಟಿಷ್ ಅಳತೆ. ಅದರಲ್ಲಿ ಒಂದು ಸೈಜಿನಿಂದ ಮುಂದಿನದಕ್ಕೆ ಅಂಗುಲದ ಮೂರನೇ ಒಂದು ಭಾಗ, ಅಂದರೆ ಸುಮಾರು 8.5 ಮಿಲಿಮೀಟರ್ ಅಂತರ. ಯುರೋಪಿನ ಅಳತೆಯಲ್ಲಿ ಈ ಅಂತರ ಸುಮಾರು 6.7 ಮಿಲಿಮೀಟರ್. ಎರಡೂ ಉದ್ದವನ್ನು ಮಾತ್ರ ಹೇಳುತ್ತವೆ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯು 2021ರ ಕೊನೆಯಿಂದ 2022ರ ಮೊದಲ ತಿಂಗಳುಗಳವರೆಗೆ ದೇಶದ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಅಳೆಯಿತು. ಭಾರತೀಯರ ಪಾದ ಸಾಮಾನ್ಯವಾಗಿ ಯುರೋಪು, ಅಮೆರಿಕದವರ ಪಾದಕ್ಕಿಂತ ಅಗಲವೆಂದು ಈ ಸಮೀಕ್ಷೆಯಿಂದ ತಿಳಿದುಬಂತು. ಅದರ ಆಧಾರದ ಮೇಲೆ ‘ಭಾ’ ಎಂಬ ದೇಶೀ ಅಳತೆ ಪದ್ಧತಿಯನ್ನು ರೂಪಿಸಲಾಗಿದೆ.

ಅಗಲ ಸಾಲದಿದ್ದಾಗ ಬಹಳ ಮಂದಿ ಒಂದು ಸೈಜು ದೊಡ್ಡದನ್ನು ಕೊಳ್ಳುತ್ತಾರೆ. ಇದರಿಂದ ಇನ್ನೊಂದು ತೊಂದರೆ ಶುರುವಾಗುತ್ತದೆ. ಪಾದ ಮಡಚುವುದು ಬೆರಳುಗಳ ಬುಡದಲ್ಲಿ. ಶೂ ಕೂಡ ಅಲ್ಲಿಯೇ ಮಡಚಬೇಕು. ಉದ್ದ ಹೆಚ್ಚಾದರೆ ಶೂ ಮಡಚುವ ಜಾಗ ಪಾದದ ಮಡಿಕೆಗಿಂತ ಮುಂದೆ ಹೋಗುತ್ತದೆ, ಹಿಮ್ಮಡಿ ಹಿಂದೆ ಮುಂದೆ ಜಾರಿ ಚರ್ಮ ಉಜ್ಜುತ್ತದೆ, ಬೊಕ್ಕೆ ಏಳುತ್ತದೆ. ಇಕ್ಕಟ್ಟಾದ ಶೂ ಧರಿಸಿದರೆ ಕಿರುಬೆರಳ ಮೇಲೆ ಆಣಿ ಬೆಳೆಯುತ್ತದೆ. ವರ್ಷಗಟ್ಟಲೆ ಅದನ್ನೇ ಮುಂದುವರಿಸಿದರೆ, ಹೆಬ್ಬೆರಳು ಪಕ್ಕದ ಬೆರಳಿನ ಕಡೆ ವಾಲುವ ತೊಂದರೆ ಹೆಚ್ಚುತ್ತದೆ. ಆದ್ದರಿಂದ ಅಗಲ ಬೇಕಾದವರು ಅದೇ ಉದ್ದದಲ್ಲಿ ಮುಂಭಾಗ ಅಗಲವಿರುವ ಬೇರೆ ಮಾದರಿಯನ್ನು ಹುಡುಕುವುದು ಸರಿಯಾದ ದಾರಿ.

ಲೇಸ್ ಇರುವ ಶೂ ನಿಂತು ದುಡಿಯುವವರಿಗೆ ಹೆಚ್ಚು ಅನುಕೂಲ. ಸಂಜೆ ಪಾದ ಊದಿದಾಗ ಅದನ್ನು ಸಡಿಲಿಸಬಹುದು, ಹಿಮ್ಮಡಿ ಜಾರದಂತೆ ಬಿಗಿಯಬಹುದು. ಲೇಸಿಲ್ಲದ ಶೂ ಕಾಲಿನಿಂದ ಕಳಚದಿರಬೇಕಾದರೆ ಅದು ಮೊದಲಿನಿಂದಲೇ ಬಿಗಿಯಾಗಿರಬೇಕಾಗುತ್ತದೆ.

ಅಟ್ಟೆಯ ಪದರಗಳು

ಶೂವಿನ ಅಟ್ಟೆ ಸಾಮಾನ್ಯವಾಗಿ ಮೂರು ಪದರಗಳದ್ದು: ಅಂಗಾಲಿಗೆ ತಾಗುವ ಒಳಮೆತ್ತೆ, ಪೆಟ್ಟು ನುಂಗುವ ನಡುಪದರ, ನೆಲಕ್ಕೆ ತಾಗುವ ಹೊರ ಅಟ್ಟೆ. ಆರಾಮದ ಹೆಚ್ಚಿನ ಪಾಲು ನಡುಪದರದಿಂದ ಬರುತ್ತದೆ.

ನಡುಪದರಕ್ಕೆ ಬಳಸುವ ಫೋಮ್‌ಗಳಲ್ಲಿ ಎರಡು ಮುಖ್ಯ. ಒಂದು, ಇವಿಎ ಎಂದು ಕರೆಯುವ ಎಥಿಲೀನ್ ವಿನೈಲ್ ಅಸಿಟೇಟ್. ಇದು ತೀರಾ ಹಗುರ. ಇದರೊಳಗಿನ ಮುಚ್ಚಿದ ಗುಳ್ಳೆಗಳಲ್ಲಿರುವ ಅನಿಲ ಸ್ಪ್ರಿಂಗಿನ ಕೆಲಸ ಮಾಡುತ್ತದೆ. ಗಂಟೆಗಟ್ಟಲೆ ಭಾರ ಬಿದ್ದಾಗ ಗುಳ್ಳೆಗಳ ಗೋಡೆ ಬಾಗುತ್ತದೆ. ಬಿಡುವು ಸಿಕ್ಕರೆ ಬಹುಪಾಲು ಮೊದಲಿನಂತಾಗುತ್ತದೆಯಾದರೂ ತಿಂಗಳುಗಳು ಕಳೆದಂತೆ ಶಾಶ್ವತವಾಗಿ ಚಪ್ಪಟೆಯಾಗುತ್ತದೆ. ಎರಡನೆಯದು ಪಾಲಿಯುರಿಥೇನ್, ಅಂದರೆ ಪಿಯು. ಇದು ಇವಿಎಗಿಂತ ಭಾರ, ಚಪ್ಪಟೆಯಾಗುವುದು ನಿಧಾನ. ಅದಕ್ಕೆಂದೇ ಕಾರ್ಖಾನೆಯ ಶೂಗಳಲ್ಲಿ ಇದರ ಬಳಕೆ ಹೆಚ್ಚು. ಪಾಲಿಯೆಸ್ಟರ್ ಮೂಲದ ಪಿಯುಗೆ ಒಂದು ಕುಂದು ಇದೆ. ಗಾಳಿಯ ತೇವಾಂಶ ಅದರ ಅಣುಸರಪಳಿಯನ್ನು ನಿಧಾನವಾಗಿ ಕತ್ತರಿಸುತ್ತದೆ. ಕರಾವಳಿ, ಮಲೆನಾಡಿನಂಥ ಕಡೆ ವರ್ಷಗಳ ಕಾಲ ಪೆಟ್ಟಿಗೆಯಲ್ಲೇ ಇಟ್ಟ ಹೊಸ ಶೂವಿನ ಅಟ್ಟೆಯೂ ಒಂದು ದಿನ ಪುಡಿಪುಡಿಯಾಗಿ ಉದುರುವುದುಂಟು. ಆದ್ದರಿಂದ ಪಿಯು ಶೂ ಕೊಳ್ಳುವಾಗ ತಯಾರಿಕೆಯ ದಿನಾಂಕ ನೋಡಬೇಕು. ಕೊಂಡ ಮೇಲೆ ಎತ್ತಿಡದೆ ಬಳಸಬೇಕು.

ಅತಿ ಮೆತ್ತನೆಯ ಅಟ್ಟೆ ಮೊದಲ ಹತ್ತು ನಿಮಿಷ ಹಿತವೆನಿಸುತ್ತದೆ. ಭಾರಕ್ಕೆ ಅದು ಪೂರ್ತಿ ಕುಗ್ಗಿಬಿಟ್ಟರೆ ಮುಂದೆ ನುಂಗಲು ಏನೂ ಉಳಿಯುವುದಿಲ್ಲ. ಜೊತೆಗೆ ಪಾದ ಅತ್ತಿತ್ತ ವಾಲದಂತೆ ಕಣಕಾಲಿನ ಸ್ನಾಯುಗಳು ಸದಾ ಶ್ರಮಿಸಬೇಕಾಗುತ್ತದೆ. ಗಟ್ಟಿತನವುಳ್ಳ, ಒತ್ತಿದರೆ ಮೆಲ್ಲಗೆ ತಗ್ಗಿ ಕೂಡಲೇ ಪುಟಿಯುವ ಅಟ್ಟೆ ದೀರ್ಘ ಪಾಳಿಗೆ ಹೊಂದುತ್ತದೆ. ಹಿಮ್ಮಡಿಯ ಎತ್ತರ ಹೆಚ್ಚಿದಷ್ಟೂ ಭಾರ ಪಾದದ ಮುಂಭಾಗಕ್ಕೆ ಸರಿಯುತ್ತದೆ. ಎರಡು ಮೂರು ಸೆಂಟಿಮೀಟರ್‌ಗಿಂತ ಹೆಚ್ಚು ಎತ್ತರ ನಿಂತು ಮಾಡುವ ಕೆಲಸಕ್ಕೆ ಸಲ್ಲದು.

ಅಟ್ಟೆ ಪೆಟ್ಟನ್ನು ನುಂಗುವುದಲ್ಲದೆ ಒತ್ತಡವನ್ನು ಅಂಗಾಲಿನ ತುಂಬ ಹಂಚಲೂ ಬೇಕು. ಇದರ ಮಹತ್ವವನ್ನು ತೋರಿಸಿಕೊಟ್ಟ ಕೆಲಸ ವೆಲ್ಲೂರಿನಲ್ಲಿ ನಡೆಯಿತು. ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿದ್ದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್, ಕುಷ್ಠರೋಗದಿಂದ ಸ್ಪರ್ಶಜ್ಞಾನ ಕಳೆದುಕೊಂಡ ಪಾದಗಳಲ್ಲಿ ಹುಣ್ಣಾಗಲು ಒಂದೇ ಜಾಗದ ಮೇಲೆ ಮತ್ತೆ ಮತ್ತೆ ಬೀಳುವ ಒತ್ತಡ ಕಾರಣವೆಂದು ಕಂಡುಕೊಂಡರು. ಆ ಪಾದಗಳಿಗಾಗಿ ರೂಪುಗೊಂಡ ಸೂಕ್ಷ್ಮ ಗುಳ್ಳೆಗಳ ರಬ್ಬರಿನ, ಎಂದರೆ ಎಂಸಿಆರ್‌ನ ಪಾದರಕ್ಷೆಗಳನ್ನು ಇಂದು ಮಧುಮೇಹಿಗಳಿಗೂ ಸೂಚಿಸಲಾಗುತ್ತದೆ. ಮಧುಮೇಹದಿಂದ ಪಾದ ಜೋಮು ಹಿಡಿದವರಿಗೆ ಶೂ ಕಚ್ಚಿದ್ದು ತಿಳಿಯುವುದಿಲ್ಲ. ಅಂಥವರು ವೈದ್ಯರ ಸಲಹೆಯಂತೆ ಪಾದರಕ್ಷೆ ಆರಿಸಬೇಕು, ದಿನವೂ ಅಂಗಾಲನ್ನು ಕಣ್ಣಾರೆ ಪರೀಕ್ಷಿಸಬೇಕು.

ನೆಲದ ಹಿಡಿತ

ಅಡುಗೆಮನೆಯ ಎಣ್ಣೆ, ಆಸ್ಪತ್ರೆಯ ಒರೆಸಿದ ನೆಲ, ಮಳೆನೀರು ನಿಂತ ಮೆಟ್ಟಿಲು ಜಾರಿಬೀಳುವ ಜಾಗಗಳು. ಅಟ್ಟೆ ಮತ್ತು ನೆಲದ ನಡುವೆ ದ್ರವದ ತೆಳುಪದರ ಉಳಿದರೆ ಘರ್ಷಣೆ ಬಹಳ ತಗ್ಗುತ್ತದೆ. ಅಟ್ಟೆಯ ಗೀರುಗಳು ಆ ದ್ರವವನ್ನು ಅಂಚಿಗೆ ಹರಿಸಿ ರಬ್ಬರು ನೆಲಕ್ಕೆ ನೇರವಾಗಿ ತಾಗುವಂತೆ ಮಾಡುತ್ತವೆ. ಗೀರುಗಳು ಅಂಚಿನವರೆಗೂ ತೆರೆದಿರಬೇಕು. ಅವುಗಳಲ್ಲಿ ಜಿಡ್ಡು ತುಂಬಿದರೆ ಬ್ರಶ್ ಹಾಕಿ ತೆಗೆಯಬೇಕು.

ಸಹಜ ರಬ್ಬರು ಒಳ್ಳೆಯ ಹಿಡಿತ ಕೊಡುತ್ತದೆಯಾದರೂ ಎಣ್ಣೆ ತಾಗಿದರೆ ಉಬ್ಬಿ ಹಾಳಾಗುತ್ತದೆ. ನೈಟ್ರೈಲ್ ರಬ್ಬರು ಎಣ್ಣೆಯನ್ನು ತಡೆದುಕೊಳ್ಳುತ್ತದೆ. ಅಡುಗೆಯವರಿಗೆ, ಗ್ಯಾರೇಜಿನವರಿಗೆ ಅದು ಸೂಕ್ತ. ಅಗ್ಗದ ಪಿವಿಸಿ ಅಟ್ಟೆ ನೀರನ್ನು ತಡೆಯುತ್ತದೆ, ಆದರೆ ಒದ್ದೆ ಟೈಲ್ಸ್ ಮೇಲೆ ಅದರ ಹಿಡಿತ ಕಡಿಮೆ.

ಮೇಲ್ಭಾಗ, ಬೆವರು, ಕಾಲುಚೀಲ

ಎರಡು ಪಾದಗಳಲ್ಲಿ ಸುಮಾರು ಎರಡೂವರೆ ಲಕ್ಷ ಬೆವರುಗ್ರಂಥಿಗಳಿವೆ. ಹೊಸ ಬೆವರಿಗೆ ವಾಸನೆ ಇಲ್ಲ. ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳು ಬೆವರಿನ ಅಮೈನೋ ಆಮ್ಲಗಳನ್ನು ಒಡೆದಾಗ ದುರ್ವಾಸನೆ ಹುಟ್ಟುತ್ತದೆ. ಒದ್ದೆಯಾದ ಚರ್ಮ ಮೆತ್ತಗಾಗಿ ಬೇಗ ಉಜ್ಜಿಹೋಗುತ್ತದೆ, ಬೆರಳ ಸಂದುಗಳಲ್ಲಿ ಶಿಲೀಂಧ್ರ ಬೆಳೆಯುತ್ತದೆ.

ಚರ್ಮದ ಶೂ ಬೆವರಿನ ಆವಿಯನ್ನು ಹೀರಿ ಮೆಲ್ಲಗೆ ಹೊರಬಿಡುತ್ತದೆ. ಕೊಲ್ಲಾಜೆನ್ ಎಂಬ ಪ್ರೋಟೀನಿನ ನಾರುಗಳು ಹೆಣೆದುಕೊಂಡು ಚರ್ಮಕ್ಕೆ ಬಲ ಕೊಟ್ಟಿವೆ. ಮೇಲ್ಮೈಯನ್ನು ಉಜ್ಜಿ ತೆಗೆಯದ ಪೂರ್ಣ ಹೊರಪದರದ ಚರ್ಮ ಎಲ್ಲಕ್ಕಿಂತ ಹೆಚ್ಚು ಬಾಳುತ್ತದೆ. ಸೀಳಿದ ಒಳಪದರದ ಮೇಲೆ ಪ್ಲಾಸ್ಟಿಕ್ ಲೇಪಿಸಿದ ಚರ್ಮವೂ ರೆಕ್ಸಿನ್ನೂ ಹೊಸತರಲ್ಲಿ ಹಾಗೆಯೇ ಹೊಳೆಯುತ್ತವೆ, ಆದರೆ ಮಡಿಕೆ ಬೀಳುವಲ್ಲಿ ಬಿರಿದು ಸಿಪ್ಪೆ ಏಳುತ್ತವೆ. ಜಾಲರಿ ಬಟ್ಟೆಯ ಶೂಗೆ ಗಾಳಿ ಚೆನ್ನಾಗಿ ಆಡುತ್ತದೆ. ಒಣ ನೆಲದ ಕೆಲಸಕ್ಕೆ ಅದು ಒಳ್ಳೆಯದು. ಬಿಸಿ ಎಣ್ಣೆ, ಸೂಜಿ, ರಾಸಾಯನಿಕ ಬೀಳುವಲ್ಲಿ ಅದು ಅಪಾಯಕರ.

ಹತ್ತಿಯ ಕಾಲುಚೀಲ ಬೆವರನ್ನು ಹೀರಿ ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಉಣ್ಣೆ ಅಥವಾ ಕೃತಕ ನೂಲು ಬೆರೆತ ಕಾಲುಚೀಲ ಬೇಗ ಒಣಗುತ್ತದೆ. ಹೆಚ್ಚು ಬೆವರುವವರು ಮಧ್ಯಾಹ್ನದ ಬಿಡುವಿನಲ್ಲಿ ಕಾಲುಚೀಲ ಬದಲಿಸುವುದು ಉತ್ತಮ.

ಬಾಳಿಕೆಯ ಗುಟ್ಟು ಜೋಡಣೆಯಲ್ಲಿ

ಇಂದಿನ ಬಹುತೇಕ ಶೂಗಳಲ್ಲಿ ಅಟ್ಟೆಯನ್ನು ಅಂಟಿನಿಂದ ಕೂಡಿಸಿರುತ್ತಾರೆ. ಇವು ಹಗುರ, ಅಗ್ಗ. ಅಂಟು ಬಿಟ್ಟರೆ ಸುತ್ತ ಹೊಲಿಗೆ ಹಾಕಿಸಿ ಕೆಲವು ತಿಂಗಳು ಓಡಿಸಬಹುದು. ಎರಡನೆಯ ವಿಧಾನದಲ್ಲಿ ದ್ರವರೂಪದ ಪಿಯುವನ್ನು ಅಚ್ಚಿನಲ್ಲಿ ನೇರವಾಗಿ ಮೇಲ್ಭಾಗಕ್ಕೆ ಎರೆಯುತ್ತಾರೆ. ಈ ಬೆಸುಗೆ ಬಲವಾದದ್ದು, ಆದರೆ ಸವೆದ ಅಟ್ಟೆಯನ್ನು ಬದಲಿಸಲಾಗದು. ಮೂರನೆಯದು ಗುಡ್‌ಇಯರ್ ವೆಲ್ಟ್. ಮೇಲ್ಭಾಗದ ಸುತ್ತ ಚರ್ಮದ ಪಟ್ಟಿಯೊಂದನ್ನು ಹೊಲಿದು, ಆ ಪಟ್ಟಿಗೆ ಹೊರ ಅಟ್ಟೆಯನ್ನು ಹೊಲಿಯುತ್ತಾರೆ. ರಬ್ಬರನ್ನು ಗಂಧಕದೊಡನೆ ಕಾಯಿಸಿ ಗಟ್ಟಿಗೊಳಿಸುವ ವಿಧಾನ ಕಂಡುಹಿಡಿದ ಚಾರ್ಲ್ಸ್ ಗುಡ್‌ಇಯರ್ ಅವರ ಮಗ 1870ರ ದಶಕದಲ್ಲಿ ಈ ಹೊಲಿಗೆಯ ಯಂತ್ರವನ್ನು ಬಳಕೆಗೆ ತಂದರು. ಬೆಲೆ ಹೆಚ್ಚಾದರೂ ಮೇಲ್ಭಾಗ ಗಟ್ಟಿಯಿರುವಷ್ಟು ಕಾಲ ಅಟ್ಟೆಯನ್ನು ಮತ್ತೆ ಮತ್ತೆ ಬದಲಿಸಬಹುದು.

ಸುರಕ್ಷತಾ ಶೂ ಯಾರಿಗೆ?

ಭಾರವಾದ ವಸ್ತು ಬೀಳುವ ಅಪಾಯವಿರುವ ಕಡೆ ಬೆರಳುಗಳನ್ನು ಕಾಯುವ ಟೋಪಿಯುಳ್ಳ ಶೂ ಬೇಕು. ಭಾರತದ ಐಎಸ್ 15298 ಮಾನಕದ ಎರಡನೇ ಭಾಗದಂತೆ ಈ ಟೋಪಿ 200 ಜೌಲ್ ಪೆಟ್ಟನ್ನು ತಡೆಯಬೇಕು. ಸುಮಾರು ಒಂದು ಮೀಟರ್ ಎತ್ತರದಿಂದ 20 ಕಿಲೋ ವಸ್ತು ಬಿದ್ದಾಗಿನ ಶಕ್ತಿಯದು. ಅದೇ ಮಾನಕದ ಮೂರನೇ ಭಾಗ 100 ಜೌಲ್‌ನ ಶೂಗಳದ್ದು, ನಾಲ್ಕನೆಯದು ಟೋಪಿಯಿಲ್ಲದ ವೃತ್ತಿಪರ ಶೂಗಳದ್ದು. ಶೂ ಮೇಲೆ ಐಎಸ್‌ಐ ಗುರುತಿನ ಜೊತೆ ಈ ಸಂಖ್ಯೆ ಇದೆಯೇ ಎಂದು ನೋಡಿಕೊಳ್ಳಬೇಕು. ಎಸ್1, ಎಸ್2, ಎಸ್3 ಎಂಬ ಗುರುತುಗಳಲ್ಲಿ ಎಸ್2 ಶೂ ನೀರು ಒಳಹೋಗುವುದನ್ನು ತಡೆಯುತ್ತದೆ, ಎಸ್3 ಅದರ ಜೊತೆಗೆ ಮೊಳೆ ಚುಚ್ಚುವುದನ್ನೂ ತಡೆಯುತ್ತದೆ.

ಅಂಥ ಅಪಾಯವಿಲ್ಲದವರಿಗೆ ಉಕ್ಕಿನ ಟೋಪಿ ಬರೀ ಭಾರ. ಓಟದ ಪ್ರಯೋಗಗಳಲ್ಲಿ ಪ್ರತಿ ಶೂಗೆ 100 ಗ್ರಾಂ ತೂಕ ಸೇರಿಸಿದಾಗ ದೇಹ ವ್ಯಯಿಸುವ ಶಕ್ತಿ ಸುಮಾರು ಶೇ. 1ರಷ್ಟು ಹೆಚ್ಚಿದ್ದು ಕಂಡುಬಂದಿದೆ.

ಕೊಳ್ಳುವಾಗ ಮಾಡಬೇಕಾದ ಪರೀಕ್ಷೆ

ಶೂ ಕೊಳ್ಳಲು ಸಂಜೆ ಒಳ್ಳೆಯ ಹೊತ್ತು, ಏಕೆಂದರೆ ಆಗ ಪಾದ ಊದಿರುತ್ತದೆ. ಕೆಲಸಕ್ಕೆ ಹಾಕುವ ಕಾಲುಚೀಲವನ್ನೇ ಧರಿಸಿ ಹೋಗಬೇಕು. ಎರಡು ಪಾದಗಳ ಅಳತೆ ಸಾಮಾನ್ಯವಾಗಿ ಒಂದೇ ಇರುವುದಿಲ್ಲ. ದೊಡ್ಡ ಪಾದಕ್ಕೆ ಹೊಂದುವ ಸೈಜನ್ನು ಆರಿಸಬೇಕು. ಒಳಮೆತ್ತೆ ಹೊರಬರುವಂತಿದ್ದರೆ ತೆಗೆದು ನೆಲದ ಮೇಲಿಟ್ಟು ಅದರ ಮೇಲೆ ನಿಲ್ಲಬೇಕು. ಪಾದ ಅದರ ಅಂಚು ದಾಟಿದರೆ ಶೂ ಇಕ್ಕಟ್ಟು. ಧರಿಸಿ ನಿಂತಾಗ ಅತಿ ಉದ್ದದ ಬೆರಳ ಮುಂದೆ ಸುಮಾರು ಒಂದು ಸೆಂಟಿಮೀಟರ್ ಜಾಗ ಉಳಿಯಬೇಕು.

ಶೂವನ್ನು ಕೈಯಲ್ಲಿ ಬಾಗಿಸಿದರೆ ಅದು ಬೆರಳ ಬುಡದಲ್ಲಿ ಮಡಚಬೇಕು, ನಡುವಿನಲ್ಲಿ ಮಡಚಬಾರದು. ತಿರುಚಿದರೆ ಸುಲಭವಾಗಿ ತಿರುಗಬಾರದು. ಹಿಮ್ಮಡಿಯ ಹಿಂಬದಿಯನ್ನು ಹಿಚುಕಿದರೆ ಕುಸಿಯಬಾರದು. ಆಮೇಲೆ ಗಟ್ಟಿ ನೆಲದ ಮೇಲೆ ಹತ್ತು ನಿಮಿಷ ನಡೆದು, ನಿಂತು ನೋಡಬೇಕು. ಹೊಸದರಲ್ಲಿ ಕಚ್ಚುವ ಶೂ ಮುಂದೆ ಸಡಿಲವಾಗುತ್ತದೆ ಎಂಬ ಮಾತನ್ನು ನಂಬಬಾರದು. ಚರ್ಮ ತುಸು ಹಿಗ್ಗೀತು, ಅಟ್ಟೆಯ ಅಗಲ ಮಾತ್ರ ಹಿಗ್ಗುವುದಿಲ್ಲ.

ಆರೈಕೆ

ಎರಡು ಜೊತೆಗಳನ್ನು ದಿನ ಬಿಟ್ಟು ದಿನ ಬಳಸಿದರೆ ಒಂದೊಂದಕ್ಕೂ ಒಣಗಲು, ಫೋಮ್ ಮರಳಿ ಹಿಗ್ಗಲು ಸಮಯ ಸಿಗುತ್ತದೆ. ನೆನೆದ ಶೂವಿನೊಳಗೆ ಹಳೆಯ ಪತ್ರಿಕೆ ತುಂಬಿ ಗಾಳಿ ಆಡುವ ನೆರಳಲ್ಲಿ ಇಡಬೇಕು. ಬೆಂಕಿಯ ಬಳಿ, ಬಿಸಿಲಿನಲ್ಲಿ ಒಣಗಿಸಿದ ಒದ್ದೆ ಚರ್ಮ ಸೆಡೆತು ಬಿರಿಯುತ್ತದೆ. ಆಗಾಗ ಪಾಲಿಶ್ ಹಚ್ಚಿದರೆ ಚರ್ಮದ ನಾರುಗಳು ಒಣಗುವುದಿಲ್ಲ. ನಡುಪದರದ ಬದಿಯಲ್ಲಿ ಆಳವಾದ ಸುಕ್ಕುಗಳು ಕಂಡಾಗ, ಮೇಜಿನ ಮೇಲಿಟ್ಟ ಶೂ ಒಂದು ಕಡೆ ವಾಲಿದಾಗ, ಗೀರುಗಳು ಅಳಿಸಿಹೋದಾಗ ಅದನ್ನು ಬದಲಿಸಬೇಕು. ಮೇಲ್ಭಾಗ ಚೆನ್ನಾಗಿದ್ದರೂ ಆಗ ಅಟ್ಟೆಯ ಕೆಲಸ ಮುಗಿದಿರುತ್ತದೆ.

ಶೂವಿನ ಮಿತಿ

ಎಷ್ಟೇ ಒಳ್ಳೆಯ ಶೂ ಆದರೂ ಮೀನಖಂಡದ ಪಂಪನ್ನು ಅದು ನಡೆಸಲಾರದು. ಅದಕ್ಕೆ ಹೆಜ್ಜೆ ಹಾಕಬೇಕು, ಹಿಮ್ಮಡಿ ಎತ್ತಿ ಇಳಿಸಬೇಕು, ನಡುನಡುವೆ ಕೂರಬೇಕು. ನಿಂತು ದುಡಿಯುವ ಕಾರ್ಮಿಕರಿಗೆ ಅವಕಾಶ ಸಿಕ್ಕಾಗ ಕೂರಲು ಆಸನ ಒದಗಿಸಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆಯ 44ನೇ ಕಲಂ ವಿಧಿಸಿತ್ತು. ಅಂಗಡಿಗಳ ನೌಕರರಿಗೂ ಕೂರುವ ಹಕ್ಕನ್ನು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನಾಗಿಸಿದವು. ಸರಿಯಾದ ಶೂ, ಕೂರಲು ಆಸನ, ನಡುವೆ ಬಿಡುವು ಇಷ್ಟಿದ್ದೂ ಹಿಮ್ಮಡಿ ನೋವು, ಊತ, ಜೋಮು ವಾರಗಟ್ಟಲೆ ಉಳಿದರೆ ವೈದ್ಯರಿಗೆ ತೋರಿಸಬೇಕು.