ಎಲುಬು ಉಳಿಸದ ನೆಲ

ಕಾಸರಗೋಡು ಜಿಲ್ಲೆಯ ಮಡಿಕೈ ಪಂಚಾಯತಿನ ಕಾಞಿರಪೊಯಿಲ್‌ನಲ್ಲಿ 2024ರಲ್ಲಿ ಪಾರೆಯೊಂದರ ಮೇಲೆ 24 ಜೊತೆ ಪಾದಗಳೂ ಒಂದು ಮನುಷ್ಯಾಕೃತಿಯೂ ಬೆಳಕಿಗೆ ಬಂದವು. ಇತಿಹಾಸಪೂರ್ವ ಕಾಲದ ಹೆಜ್ಜೆ ಎಂದೊಡನೆ ಓದಿದವರಿಗೆ ಟಾಂಜಾನಿಯಾದ ಲೇಟೋಲಿ ನೆನಪಾಗುವುದು ಸಹಜ. ಅಲ್ಲಿ 1978ರಲ್ಲಿ ಮೇರಿ ಲೀಕಿಯ ತಂಡ ಕಂಡದ್ದು ಸುಮಾರು 36 ಲಕ್ಷ ವರ್ಷಗಳ ಹಿಂದೆ ಎರಡು ಕಾಲಿನ ಮೇಲೆ ನಡೆದುಹೋದ ಜೀವಿಗಳ ನಿಜವಾದ ಹೆಜ್ಜೆಗಳನ್ನು. ಜ್ವಾಲಾಮುಖಿಯ ಬೂದಿಯ ಮೇಲೆ ಮಳೆ ಬಿದ್ದು, ಅದರಲ್ಲಿ ಕಾಲು ಹುಗಿದು, ಆಮೇಲೆ ಬೂದಿ ಕಲ್ಲಾಯಿತು. ಮಡಿಕೈಯ ಪಾದಗಳು ಆ ಜಾತಿಯವಲ್ಲ. ಅವು ಕಬ್ಬಿಣದ ಉಪಕರಣದಿಂದ ಕೆತ್ತಿದವು. ಬೃಹತ್ ಶಿಲಾಯುಗದ ಕಾಲಕ್ಕೆ, ಎಂದರೆ ಎರಡು ಸಾವಿರ ವರ್ಷಕ್ಕೂ ಹಿಂದಕ್ಕೆ, ಅವುಗಳನ್ನು ಸೇರಿಸುತ್ತಾರೆ. ಮಾನವ ವಿಕಾಸದ ಲೆಕ್ಕದಲ್ಲಿ ಅದು ನಿನ್ನೆಯ ಮಾತು. ಹಾಗಾದರೆ ಮೊನ್ನೆಯ ಮಾತು ಎಲ್ಲಿ ಹೋಯಿತು? ಸಹ್ಯಾದ್ರಿಯಿಂದ ಕಡಲಿನವರೆಗೆ ಇಳಿಯುವ ಈ ಸೀಮೆಯಲ್ಲಿ ನಮ್ಮ ಪೂರ್ವಜರ ಒಂದು ತಲೆಬುರುಡೆಯೋ ದವಡೆಯೋ ಯಾಕಿಲ್ಲ? ಇಲ್ಲಿ ಯಾರೂ ಇರಲಿಲ್ಲ ಎಂಬ ಉತ್ತರ ಬಹಳ ಸಲೀಸಾದದ್ದು. ನನ್ನ ವಾದ ಬೇರೆ. ಎಲುಬು ಇಲ್ಲದಿರುವುದು ಇಲ್ಲಿನ ಕಲ್ಲಿನ ಬಗ್ಗೆ ಹೇಳುವಷ್ಟನ್ನು ಇಲ್ಲಿನ ಮನುಷ್ಯರ ಬಗ್ಗೆ ಹೇಳುವುದಿಲ್ಲ. ಎಲುಬು ಮಾತಾಡದ ನೆಲದಲ್ಲಿ ಬೇರೆ ಸಾಕ್ಷಿಯನ್ನು ಕರೆಯಬೇಕು.

ಮೊದಲು ಕಲ್ಲಿನ ಸ್ವಭಾವ ನೋಡೋಣ. ರಾಣಿಪುರಂ ಕಡೆಯ ಬೆಟ್ಟಗಳ ಅಡಿಯಲ್ಲಿರುವ ಚಾರ್ನೊಕೈಟ್, ನೈಸ್ ಬಂಡೆಗಳಿಗೆ ನೂರಾರು ಕೋಟಿ ವರ್ಷಗಳ ವಯಸ್ಸು. ಬೆನ್ನೆಲುಬಿನ ಪ್ರಾಣಿ ಭೂಮಿಗೆ ಬಂದು ಐವತ್ತು ಕೋಟಿ ವರ್ಷ ದಾಟಿದೆ ಅಷ್ಟೆ. ಮೀನು ಹುಟ್ಟುವುದಕ್ಕೂ ಎಷ್ಟೋ ಮುಂಚೆ ಭೂಗರ್ಭದ ಬಿಸಿಯಲ್ಲಿ ಬೆಂದ ಆ ಬಂಡೆಯಲ್ಲಿ ಪಳೆಯುಳಿಕೆ ಹುಡುಕುವುದು ವ್ಯರ್ಥ. ಅದರ ಮೇಲೆ ಹಾಸಿರುವುದು ನಮ್ಮ ಮುರಕಲ್ಲು. ಅದು ಹೊಳೆ ಹೊತ್ತು ತಂದ ಕೆಸರು ಪದರ ಪದರವಾಗಿ ಕೂತು ಆದ ಕಲ್ಲಲ್ಲ. ಬಹುಪಾಲು ಅಡಿಯ ಬಂಡೆಯೇ ಇದ್ದಲ್ಲಿ ಕೊಳೆತು ಆದದ್ದು. ಸಾವಿರಾರು ಮಳೆಗಾಲಗಳು ಬಂಡೆಯೊಳಗಿನ ಸುಣ್ಣ, ಸೋಡಿಯಂ, ಪೊಟ್ಯಾಷ್, ಸಿಲಿಕಾಗಳನ್ನು ತೊಳೆದು ಒಯ್ದವು, ಕಬ್ಬಿಣ ಮತ್ತು ಅಲ್ಯುಮಿನಿಯಂ ಆಕ್ಸೈಡುಗಳು ಹಿಂದೆ ಉಳಿದವು. ಹೆಜ್ಜೆ ಹುಗಿಯಲು ಕೆಸರಿಲ್ಲ, ಸತ್ತ ಪ್ರಾಣಿಯನ್ನು ತಕ್ಷಣ ಮುಚ್ಚಲು ಹೂಳಿಲ್ಲ. ಬೆಟ್ಟದ ಬುಡಕ್ಕೆ ಜರಿದು ಮತ್ತೆ ಗಟ್ಟಿಯಾದ ಮುರಕಲ್ಲೂ ಇದೆ, ಅದರೊಳಗೆ ಏನಾದರೂ ಸಿಕ್ಕಿಕೊಂಡಿರಬಹುದು ಎಂದು ಭೂವಿಜ್ಞಾನ ಬಲ್ಲವರು ತಡೆಯಬಹುದು. ಸಿಕ್ಕಿಕೊಳ್ಳಬಹುದು, ನಿಜ. ಆದರೆ ಉಳಿಯಬೇಕಲ್ಲ.

ಎಲುಬಿನ ಗಟ್ಟಿತನ ಇರುವುದು ಕ್ಯಾಲ್ಸಿಯಂ ಫಾಸ್ಫೇಟಿನಲ್ಲಿ. ಹುಳಿ ಮಣ್ಣು ಅದನ್ನು ಬಿಡಿಸಿ ತಿನ್ನುತ್ತದೆ. ಇದಕ್ಕೆ ಪ್ರಯೋಗಾಲಯ ಬೇಡ, ನಮ್ಮ ಅಡಿಕೆ ತೋಟಗಳೇ ಸಾಕು. ಇಲ್ಲಿನ ಕೆಂಪು ಮಣ್ಣಿನ ಪಿಎಚ್ ಸಾಮಾನ್ಯವಾಗಿ 6ಕ್ಕಿಂತ ಕೆಳಗೆ, ಹಲವೆಡೆ 5ರ ಆಸುಪಾಸಿನಲ್ಲಿರುತ್ತದೆ. ಅದಕ್ಕೇ ಕೃಷಿಕರು ಬುಡಕ್ಕೆ ಸುಣ್ಣ ಹಾಕುವುದು. ಎಲುಬಿನ ಹುಡಿ, ರಾಕ್ ಫಾಸ್ಫೇಟುಗಳು ಇಂಥ ಮಣ್ಣಿಗೆ ಒಳ್ಳೆಯ ಗೊಬ್ಬರ ಎನ್ನುವುದೂ ಇದೇ ಕಾರಣಕ್ಕೆ: ಹುಳಿ ನೆಲದಲ್ಲಿ ಅವು ಕರಗಿ ಬೇರಿಗೆ ದಕ್ಕುತ್ತವೆ. ತೋಟಕ್ಕೆ ವರವಾದ ಈ ಗುಣವೇ ಪಳೆಯುಳಿಕೆಗೆ ಶಾಪ. ಜೊತೆಗೆ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಎಣ್ಮಕಜೆ, ಬಾಯಾರು, ಪೈವಳಿಕೆಯ ಗುಡ್ಡಗಳಿಗೆ ಅಡ್ಡವಾಗಿ ಕೊರೆದ ಸುರಂಗಗಳು ನೀರು ಕೊಡುವುದು ಮುರಕಲ್ಲಿನ ಒಳಗೆಲ್ಲ ತೂತು, ಬಿರುಕು, ಜಿನುಗು ಇರುವುದರಿಂದ. ಸುರಂಗಕ್ಕೆ ಹನಿ ಇಳಿಸುವ ಅದೇ ದಾರಿಯಲ್ಲಿ ಎಲುಬೂ ಅಣು ಅಣುವಾಗಿ ಇಳಿದುಹೋಗುತ್ತದೆ. ಬೃಹತ್ ಶಿಲಾಯುಗದ ಜನ ಮುರಕಲ್ಲನ್ನು ಕೊರೆದು ಮಾಡಿದ ಶವಕೋಣೆಗಳು ಜಿಲ್ಲೆಯಲ್ಲಿವೆ, ಉಮ್ಮಿಚ್ಚಿಪೊಯಿಲ್‌ನವು ಅವುಗಳಲ್ಲಿ ಹೆಸರಾದವು. ಕೇರಳದ ಇಂಥ ಕೋಣೆಗಳಲ್ಲಿ ಮಡಕೆಗಳು ಸಿಗುತ್ತವೆ, ಕಬ್ಬಿಣ ಸಿಗುತ್ತದೆ. ಯಾರಿಗಾಗಿ ಅವನ್ನೆಲ್ಲ ಇಟ್ಟರೋ ಅವರ ಎಲುಬು ಸಿಕ್ಕರೆ ಚೂರುಪಾರು. ಎರಡು ಸಾವಿರ ವರ್ಷಕ್ಕೇ ಈ ಗತಿಯಾದರೆ ಎರಡು ಲಕ್ಷ ವರ್ಷದ ಎಲುಬನ್ನು ಕೇಳುವುದು ಅನ್ಯಾಯ.

ಸುಣ್ಣ ಇರುವಲ್ಲಿ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಯಾದಗಿರಿ ಜಿಲ್ಲೆಯ ಹುಣಸಗಿ ಬಳಿಯ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರ ತಂಡ ಅಗೆದದ್ದು ಸುಣ್ಣಕಲ್ಲಿನ ಸೀಮೆಯಲ್ಲಿ. ಕೈಕೊಡಲಿಗಳ ಜೊತೆಗೆ ದನದ ಜಾತಿಯ ಪ್ರಾಣಿಗಳ ಹಲ್ಲುಗಳೂ ಅಲ್ಲಿ ಉಳಿದಿದ್ದವು. ಆ ಹಲ್ಲಿನ ಎನಾಮಲ್ ಪರೀಕ್ಷಿಸಿಯೇ ಆ ನೆಲೆಗೆ ಸುಮಾರು 12 ಲಕ್ಷ ವರ್ಷದ ವಯಸ್ಸು ಹೇಳಿದರು. ಆಂಧ್ರದ ಕರ್ನೂಲು ಕಡೆಯ ಬಿಲ್ಲಸುರ್ಗಂ ಗವಿಗಳಲ್ಲಿ ರಾಬರ್ಟ್ ಬ್ರೂಸ್ ಫೂಟ್ 1880ರ ದಶಕದಲ್ಲಿ ರಾಶಿ ಎಲುಬು ತೆಗೆದದ್ದೂ ಸುಣ್ಣಕಲ್ಲಿನ ಕೃಪೆಯಿಂದಲೇ. ಇಷ್ಟಾಗಿಯೂ ಇಸಾಂಪುರದ ಕೊಡಲಿ ಮಾಡಿದವನ ಎಲುಬು ದೊರೆಯಲಿಲ್ಲ. ಇಡೀ ಭಾರತದಲ್ಲಿ ಆದಿಮಾನವನ ಪ್ರಸಿದ್ಧ ತಲೆಬುರುಡೆ ಎಂದರೆ 1982ರಲ್ಲಿ ಅರುಣ್ ಸೊನಾಕಿಯಾ ಅವರಿಗೆ ನರ್ಮದೆಯ ದಡದ ಹತ್ನೋರಾದಲ್ಲಿ ಸಿಕ್ಕಿದ್ದೊಂದೇ. ಹಾಗೆಂದು ಕೊಡಲಿಗಳು ತಾವಾಗಿ ಹುಟ್ಟಿದವು ಎಂದು ಯಾರೂ ವಾದಿಸುವುದಿಲ್ಲ.

ಇನ್ನು ಎಲುಬು ಧಾರಾಳವಾಗಿ ಸಿಗುವ ಬೆಟ್ಟಸಾಲು ಶಿವಾಲಿಕ್. ಏರುತ್ತಿದ್ದ ಹಿಮಾಲಯದ ಹೊಳೆಗಳು ಅಲ್ಲಿ ಕಿಲೋಮೀಟರುಗಟ್ಟಲೆ ದಪ್ಪಕ್ಕೆ ಹೂಳು ಸುರಿದವು. 1934ರಲ್ಲಿ ಎಡ್ವರ್ಡ್ ಲೂಯಿಸ್ ಅಲ್ಲಿನ ಒಂದು ದವಡೆಯ ತುಂಡಿಗೆ ರಾಮಪಿತೆಕಸ್ ಎಂದು ಹೆಸರಿಟ್ಟು, ಅದು ಮನುಷ್ಯನ ದಾರಿಯಲ್ಲಿದ್ದ ಜೀವಿ ಎಂದರು. 1960ರ ದಶಕದಲ್ಲಿ ಎಲ್ವಿನ್ ಸೈಮನ್ಸ್, ಡೇವಿಡ್ ಪಿಲ್‌ಬೀಮ್ ಆ ಮಾತಿಗೆ ಬಲ ತುಂಬಿದರು, ಶಾಲೆಯ ಪಾಠಕ್ಕೂ ಅದು ಬಂತು. 1967ರಲ್ಲಿ ವಿನ್ಸೆಂಟ್ ಸಾರಿಚ್ ಮತ್ತು ಅಲನ್ ವಿಲ್ಸನ್ ಎಲುಬನ್ನು ಮುಟ್ಟದೆ, ಬದುಕಿರುವ ವಾನರರ ಮತ್ತು ಮನುಷ್ಯರ ರಕ್ತದ ಪ್ರೋಟೀನುಗಳನ್ನು ಹೋಲಿಸಿ, ಮನುಷ್ಯನೂ ಆಫ್ರಿಕದ ವಾನರರೂ ಕವಲೊಡೆದು ಐವತ್ತು ಲಕ್ಷ ವರ್ಷವಷ್ಟೇ ಆಯಿತು ಎಂದಾಗ ಎಲುಬಿನ ಪಂಡಿತರು ನಕ್ಕರು. ಕೊನೆಗೆ ಪಾಕಿಸ್ತಾನದ ಪೊಟ್ವಾರ್‌ನಲ್ಲಿ ಪಿಲ್‌ಬೀಮ್ ತಂಡಕ್ಕೇ ಸಿಕ್ಕಿ 1982ರಲ್ಲಿ ಪ್ರಕಟವಾದ ಶಿವಪಿತೆಕಸ್ ಎಂಬ ಹಳೆಯ ವಾನರನ ಮುಖ ಒರಾಂಗುಟಾನನ್ನು ಹೋಲುತ್ತಿತ್ತು. ರಾಮಪಿತೆಕಸ್ ಪ್ರತ್ಯೇಕ ಕುಲವಾಗಿ ಉಳಿಯಲಿಲ್ಲ, ಶಿವಪಿತೆಕಸ್‌ನಲ್ಲೇ ಲೀನವಾಯಿತು. ಎಲುಬು ಇದ್ದರೆ ಸತ್ಯ ಕೈಯಲ್ಲಿದೆ ಎಂದು ನಂಬುವವರಿಗೆ ಇಷ್ಟು ಸಾಕು. ಒಂದು ತುಂಡು ದವಡೆ ಐವತ್ತು ವರ್ಷ ದಾರಿ ತಪ್ಪಿಸಬಲ್ಲದು, ಎಲುಬಲ್ಲದ ಸಾಕ್ಷಿ ತಿದ್ದಲೂಬಲ್ಲದು.

ಕಾಡಿನ ನೆಲ ಎಲುಬು ನುಂಗುತ್ತದೆ ಎಂಬುದಕ್ಕೆ ನನಗೆ ಎಲ್ಲಕ್ಕಿಂತ ಗಟ್ಟಿಯಾಗಿ ಕಾಣುವ ಉದಾಹರಣೆ ಚಿಂಪಾಂಜಿ. ಮನುಷ್ಯನ ಕಡೆಯ ಪಳೆಯುಳಿಕೆಗಳು ಆಫ್ರಿಕದಲ್ಲಿ ಸಾವಿರಗಟ್ಟಲೆ ಸಿಕ್ಕಿವೆ. ಅಷ್ಟೇ ಹಳೆಯ ಕವಲಾದ ಚಿಂಪಾಂಜಿಯ ಮೊದಲ ಪಳೆಯುಳಿಕೆ ವರದಿಯಾದದ್ದು 2005ರಲ್ಲಿ, ಅದೂ ಕೆನ್ಯಾದ ಬಿರುಕು ಕಣಿವೆಯಲ್ಲಿ ಸಿಕ್ಕಿದ ಕೆಲವೇ ಹಲ್ಲು, ಸುಮಾರು ಐದು ಲಕ್ಷ ವರ್ಷದವು. ಮಳೆಕಾಡಿನಲ್ಲಿ ಬಾಳಿದ ಅವುಗಳ ಪೂರ್ವಜರು ಗುರುತಿಲ್ಲದೆ ಹೋದರು. ಪಳೆಯುಳಿಕೆಯೇ ಮಾನದಂಡವಾದರೆ ಐದು ಲಕ್ಷ ವರ್ಷಕ್ಕಿಂತ ಮುಂಚೆ ಚಿಂಪಾಂಜಿಯೇ ಇರಲಿಲ್ಲ ಎನ್ನಬೇಕಾಗುತ್ತದೆ!

ಇದಕ್ಕೆ ಎರಡು ಆಕ್ಷೇಪಗಳು ಬರುತ್ತವೆ, ಎರಡೂ ತೂಕದವು. ಆದಿಮಾನವ ನಿಜಕ್ಕೂ ದಟ್ಟ ಕಾಡನ್ನು ಬಿಟ್ಟು ಬಯಲಲ್ಲೇ ಇದ್ದಿರಬಹುದಲ್ಲ ಎಂಬುದು ಒಂದು. ಕೇರಳದ ಬಗ್ಗೆ ಹಳೆಯ ವಿದ್ವಾಂಸರು ಬಹುಕಾಲ ಹೀಗೆಯೇ ಹೇಳುತ್ತಿದ್ದರು: ಕಾಡು ದಟ್ಟ, ಆಯುಧಕ್ಕೆ ತಕ್ಕ ಕ್ವಾರ್ಟ್ಜೈಟ್ ಇಲ್ಲ, ಆದ್ದರಿಂದ ಹಳೆಯ ಶಿಲಾಯುಗವೂ ಇಲ್ಲ. 1970ರ ದಶಕದಲ್ಲಿ ಪಿ. ರಾಜೇಂದ್ರನ್ ಪಾಲಕ್ಕಾಡ್ ಕಡೆಯಿಂದ ಬೆಣಚುಕಲ್ಲಿನ ಆಯುಧಗಳನ್ನು ವರದಿ ಮಾಡಿದ ಮೇಲೆ ಆ ಮಾತಿನ ಬಿಗಿ ಸಡಿಲವಾಯಿತು. ಶ್ರೀಲಂಕಾದ ತೇವದ ಕಾಡು ಸಹ್ಯಾದ್ರಿಯ ಕಾಡಿಗೆ ದಾಯಾದಿ. ಅಲ್ಲಿನ ಫಾಹಿಯೆನ್ ಗವಿಯಲ್ಲಿ ಸುಮಾರು 45 ಸಾವಿರ ವರ್ಷಗಳ ಹಿಂದೆಯೇ ಜನ ಮಂಗ, ಅಳಿಲುಗಳನ್ನು ಬೇಟೆಯಾಡಿ ಬದುಕಿದ್ದರು. ಬಂಡೆಯ ಚಾಚಿನಡಿ ಮಳೆ ತಾಗದಿದ್ದುದರಿಂದ ಎಲುಬುಗಳೂ ಉಳಿದವು. ಐವರಿ ಕೋಸ್ಟಿನ ಬೆಟೆ ಎಂಬಲ್ಲಿ ಒಂದೂವರೆ ಲಕ್ಷ ವರ್ಷದ ಹಿಂದೆಯೇ ಮನುಷ್ಯರು ಮಳೆಕಾಡಿನಲ್ಲಿದ್ದರು ಎಂದು 2025ರಲ್ಲಿ ಪ್ರಕಟವಾದ ಅಧ್ಯಯನ ನಿಂತಿರುವುದು ಕಲ್ಲಿನ ಆಯುಧ, ಸಸ್ಯಗಳ ಸೂಕ್ಷ್ಮ ಕುರುಹು ಮತ್ತು ಬೆಣಚು ಕಣಗಳ ಕಾಲಗಣನೆಯ ಮೇಲೆ, ಮನುಷ್ಯರ ಎಲುಬಿನ ಮೇಲಲ್ಲ.

ಎರಡನೆಯ ಆಕ್ಷೇಪ ಇನ್ನೂ ಹರಿತ. ಸಾಕ್ಷಿ ಇಲ್ಲದ್ದಕ್ಕೆಲ್ಲ ಕಲ್ಲನ್ನು ದೂರಿದರೆ ಯಾರನ್ನು ಬೇಕಾದರೂ ಎಲ್ಲಿ ಬೇಕಾದರೂ ಕೂರಿಸಬಹುದು, ಇದೆಂಥ ವಿಜ್ಞಾನ? ನಮ್ಮ ಊರೇ ಮಾನವಕುಲದ ತೊಟ್ಟಿಲು ಎನ್ನುವ ಹುಮ್ಮಸ್ಸು ಎಲ್ಲ ಕಡೆಯೂ ಇರುವುದರಿಂದ ಈ ಎಚ್ಚರ ಬೇಕಾದದ್ದೇ. ಆದರೆ ನಾನು ಹೇಳುತ್ತಿರುವುದು ಇಲ್ಲಿ ಆದಿಮಾನವ ಇದ್ದೇ ಇದ್ದ ಎಂದಲ್ಲ. ಎಲುಬಿನ ಗೈರುಹಾಜರಿ ಯಾವ ಕಡೆಗೂ ತೂಗುವುದಿಲ್ಲ ಎಂದಷ್ಟೆ. ತೂಗುವ ಸಾಕ್ಷಿ ಬೇರೆ ಇದೆ, ಅದು ಬೆಣಚುಕಲ್ಲು. ಯಾವ ಹುಳಿ ಮಣ್ಣಿಗೂ ಅದು ಸುಲಭಕ್ಕೆ ಬಗ್ಗುವುದಿಲ್ಲ. ಬಂಡೆ ಕೊಳೆತು ಮುರಕಲ್ಲಾದ ಮೇಲೂ ಅದರೊಳಗಿನ ಬೆಣಚಿನ ಎಳೆಗಳು ಬೆಳ್ಳಗೆ ನಿಂತಿರುವುದುಂಟು. ಆದ್ದರಿಂದ ಬೆಣಚಿನ ಆಯುಧಗಳನ್ನು ಸರಿಯಾಗಿ ಹುಡುಕಿಯೂ ಸಿಗದಿದ್ದರೆ ಆಗ ಆ 'ಇಲ್ಲ'ಕ್ಕೆ ಬೆಲೆ ಬರುತ್ತದೆ, ನನ್ನಂಥವರು ಸುಮ್ಮನಾಗಬೇಕಾಗುತ್ತದೆ. ಬೆಣಚು ತಾನಾಗಿ ಸಿಡಿದರೂ ಆಯುಧದಂತೆಯೇ ಕಾಣುವ ತಂಟೆಕೋರ ಕಲ್ಲು. ಪೆಟ್ಟು ಬಿದ್ದ ಜಾಗದ ಉಬ್ಬು, ಒಂದೇ ಬಗೆಯಲ್ಲಿ ಮತ್ತೆ ಮತ್ತೆ ಎಬ್ಬಿಸಿದ ಚಕ್ಕೆ, ಚಕ್ಕೆಗಳ ಜೊತೆಗೇ ತಾಯಿಗಲ್ಲು, ಇವೆಲ್ಲ ಒಂದೇ ಪದರದಲ್ಲಿ ಸಿಕ್ಕರೆ ಮಾತ್ರ ನಂಬಬೇಕು.

ಹುಡುಕಾಟದ ಜಾಗವೂ ಇದರಿಂದ ಬದಲಾಗುತ್ತದೆ. ಚೀಮೇನಿ, ಎರಿಕ್ಕುಳಂ ಪಾರೆಗಳಲ್ಲಿ ಕೆತ್ತನೆ ಸಿಕ್ಕಿತೆಂದು ಎಲ್ಲರ ಕಣ್ಣು ಪಾರೆಯ ಮೇಲ್ಮೈಗೆ ಹೋಗಿದೆ. ಕೊಂಕಣದ ಮುರಕಲ್ಲಿನ ಕೆತ್ತನೆಗಳು 2022ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರಿದ ಮೇಲೆ ಆ ಆಸಕ್ತಿ ನ್ಯಾಯವೂ ಹೌದು. ಪದವು ಎಂದು ಕರೆಯುವ ಈ ಮುರಕಲ್ಲಿನ ಎತ್ತರದ ಬಯಲೆಂದರೆ ಖಾಲಿ ಜಾಗ, ಕಲ್ಲು ಕಡಿಯಲೋ ಸೌರಫಲಕ ಹಾಸಲೋ ಬಿಟ್ಟದ್ದು ಎಂಬ ಲೆಕ್ಕಾಚಾರಕ್ಕೂ ಒಂದಿಷ್ಟು ತಡೆ ಬೀಳಲಿ. ಆದರೆ ಹೆಚ್ಚು ಹಳೆಯ ಕಾಲಕ್ಕೆ ಹೋಗಬೇಕಾದವರು ಪದವಿನ ನೆತ್ತಿಯಿಂದ ಇಳಿಯಬೇಕು: ಪಯಸ್ವಿನಿ ಮತ್ತು ಚಂದ್ರಗಿರಿಯ ದಡದ ಹಳೆಯ ಮೆಕ್ಕಲು ಮೆಟ್ಟಿಲುಗಳಿಗೆ, ಪೂರ್ವದ ಬೆಟ್ಟಗಳಲ್ಲಿ ಮಳೆ ತಾಗದ ಬಂಡೆಯ ಚಾಚುಗಳ ಅಡಿಗೆ. ಇಪ್ಪತ್ತು ಸಾವಿರ ವರ್ಷದ ಹಿಂದೆ ಕಡಲಿನ ಮಟ್ಟ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಬೇಕಲದ ಕರಾವಳಿ ಆಗ ಹತ್ತಾರು ಕಿಲೋಮೀಟರ್ ಪಡುವಣಕ್ಕಿತ್ತು, ಆ ತೀರದಲ್ಲಿ ಯಾರಾದರೂ ಬದುಕಿದ್ದರೆ ಅವರ ನೆಲೆ ಈಗ ಮೀನುಗಾರರ ಬಲೆಯ ಕೆಳಗಿದೆ. ಅಲ್ಲಿಗೆ ತಲುಪುವುದು ದುಬಾರಿ. ಹೊಳೆಯ ದಡಕ್ಕೆ ತಲುಪಲು ಅಷ್ಟು ಖರ್ಚಿಲ್ಲ. ಒಂದು ಬೇಸಿಗೆಯಲ್ಲಿ ನೀರಿಳಿದ ಮೇಲೆ ದಡದ ಕಡಿತಗಳನ್ನು ಪದರ ಪದರವಾಗಿ ಗುರುತಿಸಿ, ಬೆಣಚಿನ ಚಕ್ಕೆಯನ್ನೂ ಅದರ ಪಕ್ಕದ ಮರಳನ್ನೂ ಒಟ್ಟಿಗೆ ತೆಗೆದರೆ, ಆ ಮರಳು ಕೊನೆಯ ಬಾರಿ ಬಿಸಿಲು ಕಂಡದ್ದು ಯಾವಾಗ ಎಂದು ಅಳೆಯುವ ವಿಧಾನ ನಮ್ಮ ದೇಶದ ಪ್ರಯೋಗಾಲಯಗಳಲ್ಲೇ ಇದೆ.