ಅಕ್ಕಿ ಉಚಿತ, ಉಳಿದದ್ದಕ್ಕೆ ದಿನಕ್ಕೆ 55 ರೂಪಾಯಿ

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಪ್ರಕಾರ, ದಿನಕ್ಕೆ 2,000 ಕಿಲೋಕ್ಯಾಲರಿ ಬೇಕಿರುವ ಒಬ್ಬರ ತಟ್ಟೆ ಹೆಚ್ಚುಕಡಿಮೆ 1,200 ಗ್ರಾಂ ತೂಗಬೇಕು. ಅದರಲ್ಲಿ ಅಕ್ಕಿ, ರಾಗಿ, ಜೋಳ, ಗೋಧಿ ಎಲ್ಲ ಸೇರಿ 250 ಗ್ರಾಂ ಮಾತ್ರ. ತರಕಾರಿ, ಸೊಪ್ಪು 400 ಗ್ರಾಂ, ಹಾಲು ಅಥವಾ ಮೊಸರು 300 ಮಿಲಿ, ಹಣ್ಣು 100 ಗ್ರಾಂ, ಬೇಳೆಕಾಳು ಅಥವಾ ಮೊಟ್ಟೆ-ಮಾಂಸ 85 ಗ್ರಾಂ, ಕಡಲೆಬೀಜದಂಥವು 35 ಗ್ರಾಂ, ಎಣ್ಣೆ 27 ಗ್ರಾಂ.

ಇದಕ್ಕೆ ಬೆಲೆ ಕಟ್ಟಿ ನೋಡೋಣ. ಪಡಿತರ ಇರುವುದರಿಂದ ಧಾನ್ಯಕ್ಕೆ ಸೊನ್ನೆ ಹಾಕಿದ್ದೇನೆ. ನಂದಿನಿಯ ನೀಲಿ ಪ್ಯಾಕೆಟ್ ಹಾಲು 2025ರ ಏಪ್ರಿಲ್‌ನಿಂದ ಲೀಟರಿಗೆ 46 ರೂಪಾಯಿ. 300 ಮಿಲಿಗೆ 13.80. ಉಳಿದವು ಸಂತೆಯ ದರಗಳು. ಅವು ಊರೂರಿಗೆ, ವಾರವಾರಕ್ಕೆ ಬದಲಾಗುತ್ತವೆ, ಹಾಗಾಗಿ ಕೈ ಹಿಡಿದೇ ಅಂದಾಜು ಮಾಡಿದ್ದೇನೆ: ಕಿಲೋಗೆ ತರಕಾರಿ 40, ತೊಗರಿಬೇಳೆ 120, ಬಾಳೆಹಣ್ಣು 60, ಕಡಲೆಬೀಜ 150, ಎಣ್ಣೆ 140. ಕೂಡಿದರೆ ದಿನಕ್ಕೆ ಒಬ್ಬರಿಗೆ 55 ರೂಪಾಯಿ, ತಿಂಗಳಿಗೆ 1,650. ಉಪ್ಪು, ಹುಳಿ, ಖಾರ, ಗ್ಯಾಸ್ ಇದರಲ್ಲಿ ಸೇರಿಲ್ಲ. ದಿನವಿಡೀ ಬಗ್ಗಿ ಕಳೆ ಕೀಳುವ ಹೆಂಗಸಿಗೆ 2,000 ಕಿಲೋಕ್ಯಾಲರಿ ಸಾಲುವುದೂ ಇಲ್ಲ.

ಈ 1,650ನ್ನು ಕೇಂದ್ರ ಸರ್ಕಾರದ 2023-24ರ ಮನೆಖರ್ಚಿನ ಸಮೀಕ್ಷೆಯ ಪಕ್ಕ ಇಟ್ಟು ನೋಡಿ. ದೇಶದ ಹಳ್ಳಿಗಳಲ್ಲಿ ತೀರಾ ಕೆಳಗಿನ ಶೇ 5ರಷ್ಟು ಜನರ ತಿಂಗಳ ಸರಾಸರಿ ತಲಾ ಖರ್ಚು 1,677 ರೂಪಾಯಿ. ಊಟ, ಬಟ್ಟೆ, ಔಷಧಿ, ಬಸ್ಸು, ಮೊಬೈಲು, ಮಕ್ಕಳ ಪುಸ್ತಕ ಎಲ್ಲವೂ ಅಷ್ಟರಲ್ಲೇ. ಉಚಿತವಾಗಿ ಸಿಕ್ಕ ಅಕ್ಕಿಯ ಬೆಲೆಯನ್ನು ಈ ಲೆಕ್ಕಕ್ಕೆ ಹಿಡಿದಿಲ್ಲ. ಮಾರ್ಗಸೂಚಿಯಂತೆ ಉಂಡರೆ ಮಿಕ್ಕೆಲ್ಲದಕ್ಕೂ ಸೇರಿ ತಿಂಗಳಿಗೆ 27 ರೂಪಾಯಿ ಉಳಿಯುತ್ತದೆ. ಪಟ್ಟಣದ ತೀರಾ ಮೇಲಿನ ಶೇ 5ರಷ್ಟು ಜನರ ತಲಾ ಖರ್ಚು 20,310. ಅವರಿಗೆ ಇದೇ ತಟ್ಟೆ ಖರ್ಚಿನ ಶೇ 8ರಷ್ಟು. ಬಡವರಿಗೆ ಪೌಷ್ಟಿಕತೆಯ ಅರಿವಿಲ್ಲ ಎಂದು ಸಭೆಗಳಲ್ಲಿ ಹೇಳುವವರು 1,650, 1,677 ಎಂಬ ಎರಡು ಅಂಕಿಗಳನ್ನು ಒಮ್ಮೆ ಕೂಡಿ ಕಳೆಯಬೇಕು. ಸೊಪ್ಪು-ಹಾಲು ಒಳ್ಳೆಯದು ಎಂಬುದು ಗೊತ್ತಿಲ್ಲದ ತಾಯಿಯನ್ನು ನಾನು ಕಂಡಿಲ್ಲ.

ಕೂಲಿಯಿಂದ ಲೆಕ್ಕ ಹಾಕಿದರೂ ಅಷ್ಟೇ. ನಾಲ್ವರ ಮನೆಗೆ ದಿನಕ್ಕೆ 220 ರೂಪಾಯಿ ಬೇಕು. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ 370. ಆ ವರ್ಷ ಪೂರ್ತಿ 100 ದಿನ ಕೆಲಸ ಸಿಕ್ಕಿದ್ದರೂ ಕೈಗೆ ಬರುತ್ತಿದ್ದ 37,000 ಈ ತಟ್ಟೆಯನ್ನು 168 ದಿನ ತುಂಬಿಸುತ್ತಿತ್ತು.

ತಟ್ಟೆ ತುಂಬದಿದ್ದರೆ ಏನಾಗುತ್ತದೆ ಎಂಬುದನ್ನು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಅಳೆದಿದೆ. ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಆರು ತಿಂಗಳಿಂದ ಐದು ವರ್ಷದೊಳಗಿನವರಲ್ಲಿ ಶೇ 65.5ರಷ್ಟು ಮಕ್ಕಳಿಗೆ ರಕ್ತಹೀನತೆ. ಯಾದಗಿರಿಯಲ್ಲಂತೂ ಕುಂಠಿತ ಬೆಳವಣಿಗೆಯ ಮಕ್ಕಳೇ ಅರ್ಧಕ್ಕಿಂತ ಹೆಚ್ಚು. ರಾಜ್ಯಕ್ಕೆಲ್ಲ ಬೇಳೆ ಕೊಡುವ ತೊಗರಿ ಸೀಮೆಯ ಜಿಲ್ಲೆ ಅದು.

ಶಾಲೆಯ ಮೊಟ್ಟೆ ಸರಿಯಾದ ದಾರಿಯಲ್ಲಿಟ್ಟ ಹೆಜ್ಜೆ. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ಅದು ವಾರಕ್ಕೆ ಎರಡರಿಂದ ಆರು ದಿನಕ್ಕೆ ಏರಿತು. ಆದರೆ ಬೇಸಿಗೆ ರಜೆಯಲ್ಲಿ ಆ ಮೊಟ್ಟೆ ಇಲ್ಲ, ಮನೆಯಲ್ಲಿರುವ ಅಮ್ಮನಿಗೂ ಇಲ್ಲ.

ಪಡಿತರದ ಕಡೆ ಬಂದರೆ, ದಿನಕ್ಕೆ 250 ಗ್ರಾಂ ಎಂದರೆ ತಿಂಗಳಿಗೆ ಏಳೂವರೆ ಕಿಲೋ ಧಾನ್ಯ. ತಲೆಗೆ 10 ಕಿಲೋ ಕೊಟ್ಟಾಗ ತಟ್ಟೆಯ ಆ ಒಂದು ಮೂಲೆ ತುಂಬಿ ಮಿಗುತ್ತದೆ, ಬೇರೆ ಮೂಲೆಗಳು ಖಾಲಿ. ಧಾನ್ಯದಲ್ಲೂ ಯಾವುದನ್ನು ಕೊಡುತ್ತೇವೆ ಎಂಬುದು ಮುಖ್ಯ: 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 8 ಮಿಲಿಗ್ರಾಂ ಕೂಡ ಇಲ್ಲ.

ಆ 10 ಕಿಲೋದಲ್ಲಿ ಹೆಚ್ಚುವರಿಯಾದ 5 ಕಿಲೋ ಅಕ್ಕಿಯ ಬದಲು ಬೇಳೆ, ಎಣ್ಣೆ ಇರುವ ಕಿಟ್ ಕೊಡಲು 2025ರ ಅಕ್ಟೋಬರಿನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿತು. ದಿಕ್ಕು ಸರಿ, ಅಳತೆ ನೋಡಬೇಕು. ಆ ಅಕ್ಕಿ ಸಿಗದಿದ್ದಾಗ, 2023ರ ಜುಲೈನಿಂದ, ಸರ್ಕಾರ ಕಿಲೋಗೆ 34ರಂತೆ ತಲೆಗೆ 170 ರೂಪಾಯಿ ಹಾಕುತ್ತಿತ್ತು. ಆ 170ಕ್ಕೆ ಬರುವುದು 1.4 ಕಿಲೋ ತೊಗರಿಬೇಳೆ, ದಿನಕ್ಕೆ 85 ಗ್ರಾಮಿನಂತೆ ಹದಿನಾರು ದಿನಕ್ಕೆ ಸಾಕಾಗುವಷ್ಟು. ಅತ್ತ ಉಚಿತ ಧಾನ್ಯ 5 ಕಿಲೋಗೆ ಇಳಿದರೆ, ಕೊರತೆ ಬೀಳುವ ಎರಡೂವರೆ ಕಿಲೋವನ್ನು ಮನೆಯವರು ಅಂಗಡಿಯಿಂದಲೇ ತರಬೇಕು.