ಅಪ್ಪನ ಗುರುತಿಲ್ಲದ ಮಗ

ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯ 1875ರಲ್ಲಿ ಶುರುವಾದದ್ದು ಬಿಯರ್ ತಯಾರಿಕೆಯ ವಿಜ್ಞಾನಕ್ಕಾಗಿ. ಯೀಸ್ಟಿನ ಶುದ್ಧ ತಳಿ ಬೆಳೆಸಿದ್ದು ಅಲ್ಲಿ, ಆಮ್ಲತೆಯನ್ನು ಅಳೆಯುವ ಪಿಎಚ್ ಮಾನ 1909ರಲ್ಲಿ ಹುಟ್ಟಿದ್ದೂ ಅಲ್ಲೇ. ಅಂಥ ಜಾಗಕ್ಕೆ ಅಂಗುಲದುದ್ದದ ಗಪ್ಪಿ ಮೀನುಗಳನ್ನು ತಂದು ಸಾಕಿದವರು ಶರೀರಕ್ರಿಯಾ ವಿಭಾಗದ ಮುಖ್ಯಸ್ಥ ಯೊಹಾನೆಸ್ ಶ್ಮಿಟ್. ಲೋಕ ಅವರನ್ನು ನೆನೆಯುವುದು ಬೇರೊಂದು ಕೆಲಸಕ್ಕೆ. ಯುರೋಪಿನ ಹಾವುಮೀನು ಮೊಟ್ಟೆಯಿಡುವ ಜಾಗ ಹುಡುಕಿ ಅವರು ಅಟ್ಲಾಂಟಿಕ್ ಸಾಗರವನ್ನು ವರ್ಷಗಟ್ಟಲೆ ಜಾಲಾಡಿದ್ದರು. ದಡದಲ್ಲಿ ಅವರ ಕಣ್ಣು ಬಿದ್ದದ್ದು ಮಾತ್ರ ಗಪ್ಪಿಯ ಬೆನ್ನಿನ ಮೇಲಿದ್ದ ಒಂದು ಕರಿಚುಕ್ಕೆಯ ಮೇಲೆ.

ಆ ಚುಕ್ಕೆ ಒಂದು ತಳಿಯ ಗಂಡುಗಳ ಬೆನ್ನಿನ ಈಜುರೆಕ್ಕೆಯಲ್ಲಿ ಅಚ್ಚೊತ್ತಿದಂತೆ ಕಾಣುತ್ತಿತ್ತು. ಹೆಣ್ಣುಗಳಿಗೆ ಅದಿರಲಿಲ್ಲ. ಗಪ್ಪಿಯ ಹೆಣ್ಣು ಬೂದುಬಣ್ಣದ, ಹೊಟ್ಟೆ ದಪ್ಪಗಿನ, ಅಲಂಕಾರವಿಲ್ಲದ ಮೀನು. ಚುಕ್ಕೆಯ ಗಂಡನ್ನು ಚುಕ್ಕೆಯಿಲ್ಲದ ತಳಿಯ ಹೆಣ್ಣಿನೊಡನೆ ಬಿಟ್ಟಾಗ ಹುಟ್ಟಿದ ಗಂಡುಮರಿಗಳಿಗೆಲ್ಲ ಚುಕ್ಕೆ ಬಂತು. ಅವುಗಳ ಗಂಡುಮಕ್ಕಳಿಗೂ ಬಂತು. ಹೆಣ್ಣುಮಕ್ಕಳು ಆ ಗುಣವನ್ನು ಹೊರಗೆ ತೋರಿಸದೆ ಒಳಗೆ ಹೊತ್ತಿರಬಹುದೆ? ಅದನ್ನು ತಿಳಿಯಲು ಅವನ್ನು ಚುಕ್ಕೆಯಿಲ್ಲದ ಗಂಡುಗಳೊಡನೆ ಬಿಟ್ಟರು. ಹುಟ್ಟಿದ ಒಂದು ಮೊಮ್ಮಗನಲ್ಲೂ ಚುಕ್ಕೆ ಮೂಡಲಿಲ್ಲ. ಗೋತ್ರದಂತೆ ಅದು ಅಪ್ಪನಿಂದ ಮಗನಿಗೆ ಮಾತ್ರ ಹೋಗುತ್ತಿತ್ತು. 1920ರಲ್ಲಿ ಶ್ಮಿಟ್ ಇದನ್ನು ಪ್ರಕಟಿಸಿದರು. ಅದೇ ವರ್ಷ ‘ಡಾನಾ’ ಹಡಗು ಅವರನ್ನು ಮತ್ತೆ ಹಾವುಮೀನಿನ ಬೆನ್ನಿಗೆ ಕರೆದೊಯ್ದಿತು.

ಒಗಟನ್ನು ಕೈಗೆತ್ತಿಕೊಂಡವರು ಅವರ ವಿಭಾಗದಲ್ಲೇ ಸಹಾಯಕರಾಗಿದ್ದ ಒಯ್ವಿಂಡ್ ವಿಂಗೆ. ಅಲ್ಲಿಯವರೆಗೆ ಅವರು ದುಡಿದದ್ದು ಶಿಲೀಂಧ್ರ ಮತ್ತು ಸಸ್ಯಗಳ ಮೇಲೆ. ಮೀನು ಹೊಸ ಪ್ರಾಣಿ, ಅದೂ ಸುಲಭಕ್ಕೆ ಬಗ್ಗುವಂಥದ್ದಲ್ಲ. ಗಪ್ಪಿ ಮೊಟ್ಟೆಯಿಡುವುದಿಲ್ಲ, ನಾಲ್ಕು ವಾರಕ್ಕೊಮ್ಮೆ ಈಜಾಡುವ ಮರಿಗಳನ್ನೇ ಹಾಕುತ್ತದೆ. ತಳಿ ಪ್ರಯೋಗಕ್ಕೆ ಅದು ವರವಾಗಬೇಕಿತ್ತು. ಆದರೆ ಒಮ್ಮೆ ಗಂಡಿನ ಸಂಗ ಕಂಡ ಹೆಣ್ಣು ವೀರ್ಯವನ್ನು ಒಡಲಲ್ಲೇ ಜೋಪಾನವಾಗಿಟ್ಟುಕೊಂಡು, ಗಂಡು ಹತ್ತಿರವಿಲ್ಲದಿದ್ದರೂ ತಿಂಗಳುಗಟ್ಟಲೆ ಸೂಲಿನ ಮೇಲೆ ಸೂಲು ಹೆರುತ್ತದೆ. ಇದು ಯಾರ ಮರಿ ಎಂದು ಖಚಿತವಾಗಿ ಹೇಳಬೇಕಾದರೆ ತಾಯಿ ಗಂಡನ್ನು ಕಂಡೇ ಇರಬಾರದು. ಆದ್ದರಿಂದ ಮರಿಗಳು ಬಲಿಯುವ ಮೊದಲೇ ಅವನ್ನು ಬೇರ್ಪಡಿಸಬೇಕಿತ್ತು. ಗಂಡುಮರಿಯ ಹೊಟ್ಟೆಯಡಿಯ ಹಿಂಬದಿಯ ಈಜುರೆಕ್ಕೆ ಬೀಸಣಿಗೆಯ ಆಕಾರ ಕಳೆದುಕೊಂಡು ಕಡ್ಡಿಯಾಗಿ ಚೂಪಾಗತೊಡಗುವುದೇ ಅದರ ಸುಳಿವು. ಆ ಗಳಿಗೆ ತಪ್ಪಿ ಒಂದು ಗಂಡು ಒಳಗುಳಿದರೆ ತೊಟ್ಟಿಯ ಹೆಣ್ಣುಗಳೆಲ್ಲ ಪ್ರಯೋಗಕ್ಕೆ ನಿರುಪಯುಕ್ತ. ವಿಜ್ಞಾನದ ಚರಿತ್ರೆಯಲ್ಲಿ ದೊಡ್ಡ ಸಾಲುಗಳು ಇಂಥ ಕಾವಲಿನ ಮೇಲೆಯೇ ನಿಂತಿವೆ.

ಸೂಕ್ಷ್ಮದರ್ಶಕದಲ್ಲಿ ವಿಂಗೆಗೆ 46 ವರ್ಣತಂತುಗಳು ಕಂಡವು. ಅವುಗಳಲ್ಲಿ ಲಿಂಗ ನಿರ್ಧರಿಸುವ ಜೋಡಿ ಯಾವುದೆಂದು ನೋಟ ಹೇಳಲಿಲ್ಲ, ತಳಿಯ ಲೆಕ್ಕ ಹೇಳಿತು. ಗಂಡಿನಲ್ಲಿ ಎಕ್ಸ್ ಮತ್ತು ವೈ, ಹೆಣ್ಣಿನಲ್ಲಿ ಎರಡು ಎಕ್ಸ್. ಕರಿಚುಕ್ಕೆ ಕೂತಿದ್ದು ವೈ ಮೇಲೆ. 1922ರಲ್ಲಿ ಅವರು ಅದನ್ನು ಬರೆದರು. ಹಿಂದಿನ ವರ್ಷವಷ್ಟೇ ಜಪಾನಿನ ಐದಾ ತಾತ್ಸುಒ ಮೆದಾಕಾ ಮೀನಿನ ಬಣ್ಣದಲ್ಲೂ ಎಕ್ಸ್ ಮತ್ತು ವೈಗಳ ಕೈವಾಡ ತೋರಿಸಿದ್ದರು. ಲೆಕ್ಕ ಸರಿಹೋಯಿತು, ಕತೆ ಮುಗಿಯಿತು ಎಂದು ಯಾರಾದರೂ ಭಾವಿಸಬಹುದಿತ್ತು.

ಆಗ ಎದುರಾಯಿತು ಒಂದು ಗಂಡುಮೀನು. ಆಕಾರದಲ್ಲಿ, ನಡತೆಯಲ್ಲಿ ಅದು ಅಪ್ಪಟ ಗಂಡು, ಆದರೆ ಮೈಮೇಲೆ ಅಪ್ಪನ ಗುರುತಿರಲಿಲ್ಲ. ವೈ ಮೇಲಿನ ಗುಣ ತಪ್ಪದೆ ಮಗನಿಗೆ ಬರಬೇಕೆಂಬ ನಿಯಮವನ್ನು ಅದು ಒಂಟಿಯಾಗಿ ನಿಂತು ಮುರಿದಿತ್ತು. ಪಕ್ಕದ ತೊಟ್ಟಿಯಿಂದ ಬಂದು ಸೇರಿಕೊಂಡದ್ದೆಂದು ಬದಿಗೆ ಸರಿಸುವುದು ಸುಲಭವಿತ್ತು. ಐದಾ ಅವರಿಗೂ ಇಂಥ ವಿಚಿತ್ರ ಗಂಡುಗಳು ಸಿಕ್ಕಿದ್ದವು. ವರ್ಣತಂತುಗಳು ಹಂಚಿಕೆಯಾಗುವಾಗ ನಡೆದ ಎಡವಟ್ಟು ಅದೆಂದು ಅವರು ಮೊದಲು ವಿವರಿಸಿದ್ದರು. ವಿಂಗೆಗೆ ಆ ವಿವರಣೆ ಒಪ್ಪಿಗೆಯಾಗಲಿಲ್ಲ. ಇದು ವೈ ಇಲ್ಲದೆಯೇ ಗಂಡಾದ ಮೀನು ಎಂಬುದು ಅವರ ಗುಮಾನಿ.

ಪರೀಕ್ಷೆಗೆ ಇದ್ದದ್ದು ಒಂದೇ ದಾರಿ. ಅಂಥ ಗಂಡನ್ನು ಸಾಮಾನ್ಯ ಹೆಣ್ಣುಗಳೊಡನೆ ಬಿಟ್ಟು ಕಾಯುವುದು. ಎರಡೂ ಕಡೆ ಬರೀ ಎಕ್ಸ್ ಇದ್ದರೆ ಮಕ್ಕಳಿಗೆ ವೈ ಬರುವುದೆಲ್ಲಿಂದ? ಮರಿಗಳು ಬೆಳೆದವು. ಹಿಂಬದಿಯ ಈಜುರೆಕ್ಕೆ ಚೂಪಾಗುವ ಹೊತ್ತು ಬಂದರೂ ಬಹುಪಾಲು ಮರಿಗಳಲ್ಲಿ ಅದು ಬೀಸಣಿಗೆಯಾಗಿಯೇ ಉಳಿಯಿತು. ತೊಟ್ಟಿಯ ತುಂಬ ಹೆಣ್ಣು! 1930ರಲ್ಲಿ ವಿಂಗೆ ಎರಡು ಎಕ್ಸ್‌ನ ಗಂಡುಗಳಿವೆಯೆಂದು ಸಾರಿದರು.

ಅಲ್ಲಿಗೆ ನಿಲ್ಲಿಸಿದ್ದರೂ ಅವರ ಹೆಸರು ಉಳಿಯುತ್ತಿತ್ತು. ಹೆಣ್ಣೇ ತುಂಬಿದ ಆ ಸೂಲುಗಳಲ್ಲಿ ಅಲ್ಲೊಂದು ಇಲ್ಲೊಂದು ಗಂಡು ಕಾಣಿಸುತ್ತಿತ್ತು. ವಿಂಗೆ ಆ ಅಪರೂಪದವನ್ನೇ ಆರಿಸಿ ತಲೆಮಾರಿನಿಂದ ತಲೆಮಾರಿಗೆ ಕೂಡಿಸುತ್ತ ಹೋದರು. 1933ರಲ್ಲಿ ಶ್ಮಿಟ್ ತೀರಿಕೊಂಡರು, ಅವರ ವಿಭಾಗ ವಿಂಗೆಯ ಹೆಗಲಿಗೆ ಬಂತು, ಮೀನುಗಳ ಕೆಲಸ ನಿಲ್ಲಲಿಲ್ಲ. ಮರುವರ್ಷ ಅವರು ಪ್ರಕಟಿಸಿದ ಫಲ ಕೇಳಿದವರನ್ನು ಬೆರಗುಗೊಳಿಸುವಂಥದ್ದು. ಆ ತಳಿಯಲ್ಲಿ ವೈ ಎಂಬುದೇ ಇರಲಿಲ್ಲ, ಆದರೂ ಗಂಡು ಹೆಣ್ಣು ಎರಡೂ ಹುಟ್ಟುತ್ತಿದ್ದವು. ಮುಂದೆ 1947ರಲ್ಲಿ ಡಿಟ್ಲೆವ್‌ಸೆನ್ ಅವರೊಂದಿಗೆ ಬರೆದಾಗ ಇದರ ತಿರುವುಮುರುವೂ ಸೇರಿತ್ತು: ಎಕ್ಸ್ ಮತ್ತು ವೈ ಇದ್ದೂ ಹೆಣ್ಣಾದ ಮೀನುಗಳು, ಎರಡು ವೈ ಹೊತ್ತು ಬದುಕಿ ಗಂಡುಮಕ್ಕಳನ್ನೇ ಹುಟ್ಟಿಸಿದ ಗಂಡುಗಳು.

ಕಾರಣ ಇಷ್ಟು. ಗಪ್ಪಿಯಲ್ಲಿ ಗಂಡಿನ ಕಡೆಗೂ ಹೆಣ್ಣಿನ ಕಡೆಗೂ ಎಳೆಯುವ ವಂಶವಾಹಿಗಳು ಹಲವು ವರ್ಣತಂತುಗಳಲ್ಲಿ ಹರಡಿವೆ. ವೈ ಮೇಲಿನದು ಬಲವಾದದ್ದು, ಸಾಮಾನ್ಯವಾಗಿ ಅದರ ಮಾತೇ ಗೆಲ್ಲುತ್ತದೆ. ಗಂಡಿನ ವೀರ್ಯಾಣುಗಳಲ್ಲಿ ಅರ್ಧ ವೈ ಹೊತ್ತಿರುವುದರಿಂದ ಮರಿಗಳಲ್ಲೂ ಸುಮಾರು ಅರ್ಧ ಗಂಡು. ಮನೆಯ ಪುಟ್ಟ ತೊಟ್ಟಿಗೆ ಒಂದು ಗಂಡಿಗೆ ಎರಡು ಮೂರು ಹೆಣ್ಣು ಎಂದು ಲೆಕ್ಕ ಹಾಕಿ ಬಿಟ್ಟವರ ಲೆಕ್ಕ ಕೆಲವೇ ತಿಂಗಳಲ್ಲಿ ಅಳಿಸಿಹೋಗುವುದು ಇದರಿಂದ. ಆ ಲೆಕ್ಕ ಬೇಕೇ ಬೇಕು. ಗಪ್ಪಿಗಳು ಸಹಜವಾಗಿ ಬದುಕುವ ಟ್ರಿನಿಡಾಡ್‌ನ ತೊರೆಗಳಲ್ಲೇ ಒಂದು ಹೆಣ್ಣಿನ ಮೇಲೆ ಸರಾಸರಿ ನಿಮಿಷಕ್ಕೊಮ್ಮೆ ಗಂಡುಗಳು ಕದ್ದು ಎರಗುತ್ತವೆಂದು ಆನ್ ಮಗುರನ್ ಮತ್ತು ಬೆನೊನಿ ಸೆಗರ್ಸ್ 1994ರಲ್ಲಿ ವರದಿ ಮಾಡಿದರು; ಗಾಜಿನ ತೊಟ್ಟಿಯಲ್ಲಿ ಹೆಣ್ಣಿಗೆ ತಪ್ಪಿಸಿಕೊಳ್ಳಲು ಜಾಗವೂ ಇಲ್ಲ. ಈಜುರೆಕ್ಕೆ ಚೂಪಾಗತೊಡಗಿದ ಮರಿಗಳನ್ನು ಹಿಡಿದು ಬೇರೆ ತೊಟ್ಟಿಗೆ ಹಾಕುವ ವಿಂಗೆಯ ಕಾಲದ ಕೆಲಸವೇ ಇಂದಿಗೂ ಮೀನು ಸಾಕುವವರ ಪಾಲಿಗೆ ಉಳಿದಿದೆ. ಗಂಡುಗಳನ್ನೆಲ್ಲ ತೆಗೆದ ಮೇಲೂ, ಒಡಲಲ್ಲಿಟ್ಟ ವೀರ್ಯ ಮುಗಿಯುವವರೆಗೆ, ಹೆಣ್ಣುಗಳು ಅರ್ಧ ಗಂಡು ಅರ್ಧ ಹೆಣ್ಣು ಮರಿ ಹಾಕುತ್ತಲೇ ಇರುತ್ತವೆ.